ಬಸುರಿಯ ರಕ್ತದ ಕೊಲೆಸ್ಟೆರಾಲ್

ನಮ್ಮ ಆನವಟ್ಟಿಯಲ್ಲಿ ನೆರೆಮನೆಯ ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ರಕ್ತಪರೀಕ್ಷೆಯ ಚೀಟಿಯಲ್ಲಿ ಕೊಲೆಸ್ಟೆರಾಲ್ ಹೆಚ್ಚೆಂದು ಕಂಡದ್ದೇ ತಡ, ತಾಯಿ ಆಕೆಯ ಅನ್ನದ ಮೇಲಿನ ತುಪ್ಪವನ್ನೂ ರಾತ್ರಿಯ ಹಾಲನ್ನೂ ನಿಲ್ಲಿಸಿಬಿಟ್ಟರು. “ಮೇಷ್ಟ್ರೇ, ಇವಳ ಎದೆಗೆ ಏನಾದರೂ ಆದೀತೇ?” ಎಂದು ಚೀಟಿಯನ್ನು ನನ್ನ ಕೈಗಿತ್ತರು. ನಾನು ಕನ್ನಡ ಪಂಡಿತ, ವೈದ್ಯನಲ್ಲ. ವೈದ್ಯರನ್ನೇ ಕೇಳಿರಿ ಎಂದೆ. ಆದರೂ ಆ ಪ್ರಶ್ನೆ ಬಿಡದೆ ಕಾಡಿತು. ಪುಸ್ತಕ ತಿರುವಿ ತಿಳಿದುಕೊಂಡುದನ್ನು ನಿಮ್ಮ ಮುಂದಿಡುತ್ತೇನೆ.

ಗ್ರೀಕ್ ನುಡಿಯಲ್ಲಿ ‘ಖೊಲೆ’ ಎಂದರೆ ಪಿತ್ತ. ‘ಸ್ಟೆರೆಯೊಸ್’ ಎಂದರೆ ಗಟ್ಟಿಯಾದದ್ದು. ಪಿತ್ತಕೋಶದ ಕಲ್ಲಿನಲ್ಲಿ ಮೊದಲು ದೊರೆತುದರಿಂದ ಕೊಲೆಸ್ಟೆರಾಲಿಗೆ ಈ ಹೆಸರು. 1913ರಲ್ಲಿ ರಷ್ಯದ ಅನಿಚ್ಕೋವ್ ಮೊಲಗಳಿಗೆ ಅದನ್ನು ತಿನ್ನಿಸಿ, ಅವುಗಳ ರಕ್ತನಾಳಗಳಲ್ಲಿ ಕೊಬ್ಬು ಕಟ್ಟುವುದನ್ನು ತೋರಿಸಿದರು. ಅಪಕೀರ್ತಿ ಅಲ್ಲಿಂದ ಮೊದಲಾಯಿತು.

ಆದರೆ ಇದಿಲ್ಲದೆ ಜೀವಕೋಶದ ಹೊದಿಕೆಯೇ ನಿಲ್ಲದು. ಗರ್ಭವನ್ನು ಕಾಪಾಡುವ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನು ಹುಟ್ಟುವುದೂ ಇದರಿಂದಲೇ. 1945ರಲ್ಲಿ ಕೊನ್ರಾಡ್ ಬ್ಲಾಕ್ ಎಂಬ ವಿಜ್ಞಾನಿ, ಭಾರಜಲಜನಕದಿಂದ ಗುರುತು ಮಾಡಿದ ಕೊಲೆಸ್ಟೆರಾಲನ್ನು ಒಬ್ಬ ಗರ್ಭಿಣಿಗೆ ಕೊಟ್ಟರು. ಆ ಗುರುತು, ಪ್ರೊಜೆಸ್ಟೆರಾನ್ ಕರಗಿ ಮೂತ್ರದಲ್ಲಿ ಹೊರಬೀಳುವ ವಸ್ತುವಿನಲ್ಲಿ ಕಂಡಿತು. ಕೊಲೆಸ್ಟೆರಾಲಿನ ಸಂಶೋಧನೆಗಾಗಿ ಅವರಿಗೆ 1964ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ಇನ್ನು ಪ್ರಯೋಗಶಾಲೆಯ ಪ್ರಾಣಿಗಳು. ಇಲಿಯ ಬಸಿರು ಮೂರು ವಾರದ್ದು. ಮೊದಲೆರಡು ವಾರ ತಾಯಿಯು ಕೊಬ್ಬನ್ನು ಕೂಡಿಡುತ್ತದೆ. ಮರಿಗಳು ಭರದಿಂದ ಬೆಳೆಯುವ ಕೊನೆಯ ವಾರದಲ್ಲಿ ಆ ಗಂಟನ್ನು ಬಿಚ್ಚುತ್ತದೆ, ರಕ್ತದ ಕೊಬ್ಬು ಏರುತ್ತದೆ. ಮೊಲದಲ್ಲಾದರೋ ದಿನ ತುಂಬುತ್ತ ಬಂದಂತೆ ರಕ್ತದ ಕೊಲೆಸ್ಟೆರಾಲ್ ಇಳಿಯುತ್ತದೆ! ಹೆಂಗಸರಲ್ಲಿ ಏರುತ್ತದೆ, ಸುಮಾರು ಕಾಲುಭಾಗದಿಂದ ಅರ್ಧದಷ್ಟು. ಇನ್ನೊಂದು ಭೇದವೂ ಉಂಟು. ಇಲಿ, ಮೊಲಗಳಲ್ಲಿ ಪ್ರೊಜೆಸ್ಟೆರಾನನ್ನು ಕೊನೆಯವರೆಗೂ ಒದಗಿಸುವುದು ಅಂಡಾಶಯ. ಹೆಂಗಸರಲ್ಲಿ ಮೂರನೆಯ ತಿಂಗಳ ಹೊತ್ತಿಗೆ ಮಾಸು ಆ ಕೆಲಸ ವಹಿಸಿಕೊಂಡು, ಬೇಕಾದ ಕೊಲೆಸ್ಟೆರಾಲನ್ನು ತಾಯಿಯ ರಕ್ತದಿಂದ ಪಡೆಯುತ್ತದೆ.

ಆದುದರಿಂದ ಮೊಲದ ಲೆಕ್ಕ ಮನುಷ್ಯರಿಗೆ ಹಾಗೆಯೇ ಹೊಂದದು; ಬಸುರಿಲ್ಲದವರ ಲೆಕ್ಕ ಬಸುರಿಗೂ ಹೊಂದದು. ಈ ಏರಿಕೆ ಸಾಮಾನ್ಯವಾಗಿ ರೋಗವಲ್ಲ, ಸಿದ್ಧತೆ. ಹೆರಿಗೆಯ ಬಳಿಕ ಕೆಲವು ತಿಂಗಳಲ್ಲಿ ತಾನೇ ಇಳಿಯುತ್ತದೆ. ಸಕ್ಕರೆ ಕಾಯಿಲೆಯವರೂ ವಂಶದಿಂದಲೇ ಕೊಲೆಸ್ಟೆರಾಲ್ ಹೆಚ್ಚಿರುವವರೂ ವೈದ್ಯರು ಹೇಳಿದಂತೆ ನಡೆಯಬೇಕು. ಯಾರೇ ಆಗಲಿ, ಬರಿಯ ಚೀಟಿ ನೋಡಿ ಬಸುರಿಯ ಊಟಕ್ಕೆ ಕತ್ತರಿ ಹಾಕಬಾರದು.

ನಮ್ಮ ಪ್ರಾಚೀನ ವೈದ್ಯರು ಗರ್ಭಿಣಿಯನ್ನು ‘ದೌಹೃದಿನಿ’ ಎಂದರು. ಎರಡು ಹೃದಯದವಳು ಎಂದರ್ಥ. ನೆರೆಮನೆಯವರು ವೈದ್ಯರನ್ನು ಕಂಡು ಬಂದರು. ಅಂದು ರಾತ್ರಿಯೇ ತುಪ್ಪದ ಮಿಳ್ಳೆ ಮಗಳ ಎಲೆಯ ಬಳಿಗೆ ಮರಳಿ ಬಂದಿತು.