ಮೀನಿಗೂ ಒಂದು ಚಾಂದ್ ಲೆಕ್ಕ
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಚಾಂದ್ ತಿಂಗಳ ಒಂದನೇ ತಾರೀಖು ಯಾವಾಗ, ಹದಿನಾಲ್ಕನೆಯದು ಯಾವಾಗ ಎಂಬುದು ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಕಡಲ ತೀರದ ಮೀನುಗಳಿಗೂ ಈ ಲೆಕ್ಕ ಬೇಕು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯ, ಚಂದ್ರರ ಸೆಳೆತ ಒಂದುಗೂಡಿ ಸಮುದ್ರದ ಉಬ್ಬರ ಬಹಳ ಮೇಲೇರುತ್ತದೆ. ಇಳಿತವೂ ಅಷ್ಟೇ ಜೋರು. ತೀರದ ಹಲವು ಜಾತಿಯ ಮೀನುಗಳು ಮೊಟ್ಟೆಯಿಡುವುದು ಈ ದಿನಗಳಲ್ಲೇ. ಹಿಂದೆ ಸರಿಯುವ ನೀರು ಮೊಟ್ಟೆಗಳನ್ನು ದಡದ ಶತ್ರುಗಳಿಂದ ದೂರಕ್ಕೆ ಒಯ್ಯುತ್ತದೆ.

ಆದರೆ ಚಂದ್ರನೊಬ್ಬನೇ ಸಾಲದು. ರಂಜಾನ್ ವರ್ಷಕ್ಕೆ ಸುಮಾರು 11 ದಿನ ಮುಂಚೆ ಬರುತ್ತದೆ. ಮಳೆಗಾಲದಲ್ಲೂ ಬಿರುಬೇಸಿಗೆಯಲ್ಲೂ ರೋಜಾ ಹಿಡಿದವರು ಇಲ್ಲಿದ್ದೀರಿ. ಮೀನು ಬರೀ ಚಾಂದ್ ತಿಂಗಳು ಎಣಿಸುತ್ತಾ ಕೂತರೆ ಅದರ ಮರಿಗಳು ಆಹಾರವಿಲ್ಲದ ಕಾಲದಲ್ಲಿ ಹುಟ್ಟಿಬಿಡುತ್ತವೆ! ಆದ್ದರಿಂದ ಋತುವನ್ನು ಅದು ಹಗಲಿನ ಉದ್ದದಿಂದ ತಿಳಿಯುತ್ತದೆ. ಕಣ್ಣು ಮತ್ತು ತಲೆಯೊಳಗಿನ ಪೀನಿಯಲ್ ಗ್ರಂಥಿ ಬೆಳಕನ್ನು ಗುರುತಿಸುತ್ತವೆ. ಅದರಂತೆ ಪಿಟ್ಯುಟರಿ ಗ್ರಂಥಿಯ ಹಾರ್ಮೋನುಗಳು ಮೊಟ್ಟೆಗಳನ್ನು ಬಲಿಸುತ್ತವೆ. ಕ್ಯಾಲಿಫೋರ್ನಿಯಾದ ಗ್ರೂನಿಯನ್ ಎಂಬ ಮೀನು ಹಗಲು ಹಿಗ್ಗುವ ವಸಂತದಿಂದ ಬೇಸಿಗೆಯವರೆಗೆ, ಹುಣ್ಣಿಮೆ ಅಮಾವಾಸ್ಯೆ ಕಳೆದ ರಾತ್ರಿಗಳಲ್ಲಿ ಉಬ್ಬರದೊಂದಿಗೆ ದಡಕ್ಕೆ ಬಂದು ಮರಳಲ್ಲಿ ಮೊಟ್ಟೆ ಹೂಳುತ್ತದೆ. ಮುಂದಿನ ದೊಡ್ಡ ಉಬ್ಬರ ತಾಗಿದಾಗ ಮರಿಗಳು ಹೊರಬರುತ್ತವೆ.

ನಮ್ಮ ಕಡೆ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ವ್ಯತ್ಯಾಸ ಒಂದೂವರೆ ಗಂಟೆಯಷ್ಟೆ. ಇಲ್ಲಿ ಮುಂಗಾರಿನ ಸೂಚನೆಯೇ ದೊಡ್ಡದು. ಮಂಗಳೂರು, ಮಲ್ಪೆಯ ಕಡಲಲ್ಲಿ ಆಗ ಆಳದ ತಣ್ಣೀರು ಮೇಲೆದ್ದು ಮರಿಗಳಿಗೆ ಬೇಕಾದ ಸೂಕ್ಷ್ಮಜೀವಿಗಳು ಹೇರಳವಾಗುತ್ತವೆ. ಬೂತಾಯಿ ಮೊಟ್ಟೆಯಿಡುವ ಕಾಲವೂ ಅದೇ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವುದು ಇದಕ್ಕಾಗಿ. ಶ್ರೀರಂಗಪಟ್ಟಣದಲ್ಲಿ ಮೀನು ದುಬಾರಿಯಾಯಿತೆಂದು ಗೊಣಗುವವರು ಇದನ್ನು ನೆನಪಿಡಬೇಕು.

ಕಾವೇರಿಯಲ್ಲಿ ನಮಗೆ ಉಬ್ಬರವಿಲ್ಲ. ಇಲ್ಲಿ ಹೊಸ ನೀರೇ ಗಡಿಯಾರ. ರೋಹು, ಕಾಟ್ಲಾ ನಿಂತ ನೀರಿನ ಕೊಳದಲ್ಲಿ ತಾವಾಗಿ ಮರಿ ಮಾಡುವುದಿಲ್ಲ, ನದಿಯ ಪ್ರವಾಹ ಬೇಕು. 1957ರಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಲಿಕುಂಞಿ ಅವರು ಇನ್ನೊಂದು ಮೀನಿನ ಪಿಟ್ಯುಟರಿಯ ಸಾರವನ್ನು ಚುಚ್ಚಿ ಈ ಜಾತಿಯ ಮೀನುಗಳಿಂದ ಮೊಟ್ಟೆಯಿಡಿಸಿದರು. ಕೆರೆಗೆ ಬಿಡುವ ಮರಿಗಳು ಮೀನುಮರಿ ಕೇಂದ್ರಗಳಿಂದ ಬರುವುದು ಆ ಕೆಲಸದ ಫಲ.

ಆದರೆ ಗೆಂಡೆಯಂಥ ಊರಿನ ಮೀನುಗಳಿಗೆ ಸೂಜಿ ಚುಚ್ಚುವವರಿಲ್ಲ. ನಾಗಮಂಗಲ, ಕೆ.ಆರ್. ಪೇಟೆ ಕಡೆ ಕೆರೆ ಕೋಡಿ ಬಿದ್ದ ದಿನ ಅವು ಎದುರು ನೀರಿಗೆ ಹತ್ತುತ್ತವೆ. ನಮ್ಮ ಹುಡುಗರು ಪಂಚೆ ಒಡ್ಡಿ ಹಿಡಿಯುವುದೂ ಅವತ್ತೇ, ಹೊಟ್ಟೆ ತುಂಬ ಮೊಟ್ಟೆ ಇರುವಾಗ! ಮಕ್ಕಳೇ, ಈ ಮಳೆಗಾಲದಲ್ಲಿ ಕೋಡಿ ಬಿದ್ದ ಮೊದಲ ವಾರ ಅವನ್ನು ಹತ್ತಲು ಬಿಡಿ. ಪಾಂಡವಪುರದ ವಿದ್ಯಾರ್ಥಿಗಳಿಗೂ ಇದನ್ನೇ ಹೇಳಿ ಬಂದಿದ್ದೇನೆ.