ನಿಂತ ಗಾಡಿಯನ್ನು ಹಿಡಿಯುವ ಬ್ರೇಕು
(ಸಂಘದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಗಿರಣಿ, ಹೋಟೆಲುಗಳವರ ಕೂಟದಲ್ಲಿ ಮೋಟಾರಿನ ಮಾತೇಕೆಂದು ಕೆಲವರಿಗೆ ಅನ್ನಿಸಬಹುದು. 1982ರ ಮುಂಬಯಿ ಗಿರಣಿ ಮುಷ್ಕರದ ಬಳಿಕ ಮಗ್ಗ ಬಿಟ್ಟು ಸ್ಟಿಯರಿಂಗು ಹಿಡಿದವರು ನಮ್ಮಲ್ಲಿದ್ದಾರೆ. ಹೋಟೆಲಿನ ಟೆಂಪೋದಿಂದ ಪಾತ್ರೆ, ಸಿಲಿಂಡರು ಇಳಿಸುವ ಹುಡುಗರಂತೂ ದಿನವೂ ಗಾಡಿಯ ಹಿಂದೆಯೇ ನಿಲ್ಲುವವರು. ಮಲಬಾರ್ ಹಿಲ್ಲಿನ ಏರಿನಲ್ಲಿ ಗಾಡಿ ನಿಂತಿತೆನ್ನಿ. ಆ ಹುಡುಗನನ್ನು ಕಾಯುವುದು ಹ್ಯಾಂಡ್ ಬ್ರೇಕು. ಮಾಲೀಕರು ‘ಚಕ್ರಕ್ಕೊಂದು ಕಲ್ಲು ಇಡು, ಸಾಕು’ ಎನ್ನುವುದುಂಟು. ಕಲ್ಲೂ ಇರಲಿ, ಗೇರೂ ಇರಲಿ, ಆದರೆ ಬ್ರೇಕಿನ ಬದಲಿಗೆ ಅಲ್ಲ.

ಹೆಚ್ಚಿನ ಸಣ್ಣ ಗಾಡಿಗಳಲ್ಲಿ ಲಿವರು ಎಳೆದಾಗ ಉಕ್ಕಿನ ಕೇಬಲು ಹಿಂದಿನ ಎರಡು ಡ್ರಮ್ಮುಗಳೊಳಗಿನ ಶೂಗಳನ್ನು ಅಗಲಿಸುತ್ತದೆ. ಶೂವಿಗೆ ಅಂಟಿಸಿದ ಅಥವಾ ರಿವೆಟ್ ಹೊಡೆದ ಲೈನಿಂಗು ಡ್ರಮ್ಮನ್ನು ಒತ್ತಿ ಹಿಡಿಯುತ್ತದೆ. ಹಿಂದೆ ಡಿಸ್ಕ್ ಬ್ರೇಕು ಇರುವ ಕೆಲವು ಕಾರುಗಳಲ್ಲಿ ಡಿಸ್ಕಿನ ನಡುವೆಯೇ ಒಂದು ಚಿಕ್ಕ ಡ್ರಮ್ಮು, ಅದಕ್ಕೆ ಬೇರೆ ಶೂಗಳು. ಅವು ಸವೆಯುವುದು ಕಡಿಮೆ. ತುಕ್ಕು ಹಿಡಿದು ಕೆಡುವುದೇ ಹೆಚ್ಚು.

ಲಿವರು ಮೇಲೆ ಮೇಲೆ ಬರತೊಡಗಿತೆಂದರೆ ಗ್ಯಾರೇಜಿನಲ್ಲಿ ಮೊದಲು ಮಾಡುವುದೇನು? ಕೇಬಲಿನ ನಟ್ಟು ಬಿಗಿದು ಕಳಿಸುವುದು. ಐದು ನಿಮಿಷದ ಕೆಲಸ, ಲಿವರೂ ಗಟ್ಟಿ. ಆದರೆ ಒಳಗೆ ಲೈನಿಂಗು ಸವೆದಿದ್ದರೆ ಅದು ಸವೆದೇ ಇರುತ್ತದೆ. ಅತಿಯಾಗಿ ಬಿಗಿದರೆ ಶೂ ಸದಾ ಉಜ್ಜಿ ಡ್ರಮ್ಮು ಕಾಯುತ್ತದೆ. ಇಂಥ ರಿಪೇರಿಯನ್ನು ನಾವು ರಿಪೇರಿ ಎನ್ನುವುದಿಲ್ಲ. ಡ್ರಮ್ಮು ಬಿಚ್ಚಿ ನೋಡಿರೆಂದು ಮೇಸ್ತ್ರಿಗೆ ಹೇಳತಕ್ಕದ್ದು.

ಬಿಚ್ಚುವವರು ಒಂದು ಮಾತು ನೆನಪಿಡಬೇಕು. ಹ್ಯಾಂಡ್ ಬ್ರೇಕು ಸಡಿಲಿಸದೆ ಡ್ರಮ್ಮು ಬರುವುದಿಲ್ಲ. ಹಿಂದಿನ ಚಕ್ರಗಳೂ ಮೇಲೆದ್ದಿರುತ್ತವೆ. ಆಗ ಗಾಡಿಯನ್ನು ಹಿಡಿದಿಡುವುದು ಬೇರೇನೂ ಇಲ್ಲ. ಆದುದರಿಂದ ಸಮತಟ್ಟಾದ ಗಟ್ಟಿ ನೆಲದಲ್ಲಿ ಮುಂದಿನ ಚಕ್ರಗಳಿಗೆ ಎರಡೂ ಕಡೆ ಮರದ ತುಂಡು ಕೊಟ್ಟು, ಜಾಕಿನಿಂದ ಎತ್ತಿದ ಮೇಲೆ ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಬರಿಯ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಕೈ ಹಾಕಬಾರದು.

ಡ್ರಮ್ಮಿನಲ್ಲಿರುವ ಧೂಳನ್ನು ಬಾಯಿಂದಲಾಗಲಿ ಗಾಳಿಯ ಪೈಪಿನಿಂದಲಾಗಲಿ ಊದಲೇಬಾರದು. ಹಳೆಯ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಯಾವುದರಲ್ಲಿದೆ ಎಂದು ಕಣ್ಣಿಗೆ ತಿಳಿಯದು. ಕಾರ್ಡಿಂಗ್ ಖಾತೆಯಲ್ಲಿ ದುಡಿದ ಹಿರಿಯರಿಗೆ ಹತ್ತಿಯ ಧೂಳು ಎದೆಗೆ ಏನು ಮಾಡಿತೆಂದು ಹೇಳಿಕೊಡಬೇಕಾಗಿಲ್ಲ. ಆಸ್ಬೆಸ್ಟಾಸ್ ಇನ್ನೂ ಕೆಟ್ಟದ್ದು: ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ, ಅದೂ ದಶಕಗಳ ಬಳಿಕ. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ.

ಒಂದು ಬದಿ ಮುಗಿಯುವ ತನಕ ಇನ್ನೊಂದನ್ನು ಬಿಚ್ಚಬೇಡಿ; ಯಾವ ಸ್ಪ್ರಿಂಗು ಎಲ್ಲಿ ಎಂಬುದಕ್ಕೆ ಅದೇ ನಕ್ಷೆ. ಲೈನಿಂಗು ಬಿರುಕು ಬಿಟ್ಟಿದ್ದರೆ, ಸವೆದು ರಿವೆಟ್ಟಿನ ತಲೆ ಮುಟ್ಟುವಂತಿದ್ದರೆ ಅಥವಾ ಎಣ್ಣೆ ಕುಡಿದಿದ್ದರೆ ಎರಡೂ ಚಕ್ರಗಳ ಶೂಗಳನ್ನು ಬದಲಿಸಬೇಕು. ಒಂದೇ ಬದಿಗೆ ಹೊಸದು ಹಾಕಿ ಕಾಸು ಉಳಿಸಿದರೆ ಬ್ರೇಕು ಒಂದು ಕಡೆ ಮಾತ್ರ ಹಿಡಿಯುತ್ತದೆ. ಎಣ್ಣೆ ಎಲ್ಲಿಂದ ಬಂತೆಂದೂ ಹುಡುಕಬೇಕು, ಆಕ್ಸಲಿನ ಸೀಲಿನಿಂದಲೋ ವೀಲ್ ಸಿಲಿಂಡರಿನಿಂದಲೋ. ಸೋರುವುದನ್ನು ನಿಲ್ಲಿಸದೆ ಹೊಸ ಶೂ ಹಾಕಿದರೆ ಅದೂ ಹಾಳು. ಸೆಟೆತ ಕಳೆದುಕೊಂಡ ಸ್ಪ್ರಿಂಗುಗಳನ್ನೂ ಬದಲಿಸಿರಿ. ಶೂ ಕೂರುವ ತಗಡಿನ ಜಾಗಗಳಿಗೆ ಬ್ರೇಕಿನ ಗ್ರೀಸು ತೆಳುವಾಗಿ. ಲೈನಿಂಗಿಗೆ ಜಿಡ್ಡಿನ ಬೆರಳೂ ತಾಗಬಾರದು.

ಜೋಡಿಸುವಾಗ ಮೊದಲು ಕೇಬಲನ್ನು ಸಡಿಲ ಬಿಟ್ಟು ಶೂವಿನ ಅಡ್ಜಸ್ಟರನ್ನು ಸರಿಪಡಿಸಬೇಕು, ಕೇಬಲು ಕೊನೆಗೆ. ಎಷ್ಟು ‘ಕಟಕ್’ ಸದ್ದಿಗೆ ಬ್ರೇಕು ಹಿಡಿಯಬೇಕೆಂಬುದು ಆಯಾ ಗಾಡಿಯ ಪುಸ್ತಕದಲ್ಲಿದೆ. ಲಿವರು ಇಳಿಸಿದಾಗ ಎರಡು ಚಕ್ರಗಳೂ ಸಲೀಸಾಗಿ ತಿರುಗಬೇಕು. ಚಕ್ರದ ನಟ್ಟುಗಳನ್ನು ಬಿಗಿದು, ಕಾಲಿನ ಬ್ರೇಕನ್ನು ನಾಲ್ಕಾರು ಸಲ ತುಳಿದು ಗಟ್ಟಿಯಾಯಿತೇ ಎಂದು ನೋಡಿದ ಮೇಲೆಯೇ ಗಾಡಿ ಹೊರಡಲಿ. ಹ್ಯಾಂಡ್ ಬ್ರೇಕನ್ನು ಸಣ್ಣ ಇಳಿಜಾರಿನಲ್ಲಿ ಪರೀಕ್ಷಿಸಿರಿ: ಚಾಲಕ ಸೀಟಿನಲ್ಲೇ ಇರಬೇಕು, ಕಾಲು ಬ್ರೇಕಿನ ಮೇಲೆ ಸಿದ್ಧವಿರಬೇಕು, ಗಾಡಿಯ ಹಿಂದೆ ಮುಂದೆ ಯಾರೂ ಇರಬಾರದು.

ಸವೆದ ಶೂ ಒಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೇಜಿನ ಮೇಲೆ ಇಟ್ಟಿದ್ದೇವೆ, ಪಕ್ಕದಲ್ಲಿ ಹೊಸದೊಂದಿದೆ. ಚಹಾ ಬರುವಷ್ಟರಲ್ಲಿ ಎಲ್ಲರೂ ಬಂದು ನೋಡಿರಿ. ಹಳೆಯದರ ಚೀಲ ಬಿಚ್ಚಬೇಡಿ.