ಭಾರ ಎತ್ತುವ ಕೈಗೆ ಮೀಲ್ ಮೇಕರ್

ನಮ್ಮ ಉತ್ತರಾಂಧ್ರದ, ಶ್ರೀಕಾಕುಳಂ ಜಿಲ್ಲೆಯ ಕರ್ಣಂ ಮಲ್ಲೇಶ್ವರಿ 2000ರ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಒಟ್ಟು 240 ಕಿಲೋ ಎತ್ತಿ ಕಂಚು ಗೆದ್ದರು. ಈಗ ವಿಶಾಖಪಟ್ಟಣ, ವಿಜಯವಾಡದಲ್ಲಿ ನಾವೂ ಜಿಮ್‌ಗೆ ಹೋಗುತ್ತೇವೆ. ಊಟ ಮಾತ್ರ ಅದೇ ಅನ್ನ, ಸಾರು! ಭಾರ ಎತ್ತಿದರಷ್ಟೇ ಸಾಲದು, ಸ್ನಾಯುಗಳಿಗೆ ಪ್ರೋಟೀನ್ ಬೇಕು. ಸಸ್ಯಾಹಾರಿಗಳಿಗೆ ದುಬಾರಿ ಪುಡಿಯೇ ಗತಿಯಲ್ಲ. ಇಲ್ಲಿನವರು ಮೀಲ್ ಮೇಕರ್ ಎನ್ನುವ ಸೋಯಾ ಚಂಕ್ಸ್ ಇದೆಯಲ್ಲ, ಒಣಗಿದ್ದು 30 ಗ್ರಾಂ ತೆಗೆದುಕೊಂಡರೆ ಸುಮಾರು 15 ಗ್ರಾಂ ಪ್ರೋಟೀನ್. ಒಂಬತ್ತು ಅಗತ್ಯ ಅಮೈನೋ ಆಮ್ಲಗಳೂ ಅದರಲ್ಲಿವೆ. ಬಿಸಿನೀರಿನಲ್ಲಿ ನೆನೆಸಿ, ಹಿಂಡಿ, ಸಾಗುವಿಗೋ ಪಲಾವಿಗೋ ಹಾಕಿ. ಥೈರಾಯ್ಡ್ ಮಾತ್ರೆಯ ಜೊತೆಗೇ ಬೇಡ; ಎಷ್ಟು ಹೊತ್ತು ಬಿಡಬೇಕೆಂದು ವೈದ್ಯರನ್ನು ಕೇಳಿ. ಮನೆಯವರಿಗೆಲ್ಲ ಬಡಿಸಿ ಉಳಿದದ್ದು ನಮಗೆ ಎನ್ನಬೇಡಿ. ಮೊದಲೇ ನಿಮ್ಮ ಪಾಲು ತೆಗೆದಿಡಿ.